ಹುಡುಗಿಯನ್ನು ಕೇಳಿದವರು ಯಾರು?

ಮುಸ್ಲಿಮರ ಮದುವೆಯಲ್ಲಿ ಹುಡುಗಿಯನ್ನು ಯಾರೂ ಕೇಳುವುದಿಲ್ಲ, ಗಂಡಸರೇ ಕೂತು ಮುಗಿಸಿಬಿಡುತ್ತಾರೆ ಎಂದು ನಮ್ಮ ಮನೆಯವರು, ಸಿದ್ಧೇಶ್ವರ, ಯಾವಾಗಲೂ ಹೇಳುತ್ತಾರೆ. ಎಲ್ಲಿ ಓದಿದಿರಿ ಎಂದರೆ, "ಎಲ್ಲಾರಿಗೂ ಗೊತ್ತಿದ್ದದ್ದ ಅದು" ಎಂಬ ಉತ್ತರ. ನನಗೂ ಗೊತ್ತಿದ್ದದ್ದು ಅಷ್ಟೇ. ಆದರೆ ಭಿವಂಡಿಯ ಗೋದಾಮಿನ ಆಫೀಸಿನಲ್ಲಿ ನನ್ನ ಪಕ್ಕ ಕೂರುವ ಸಮ್ರೀನ್‌ಳ ನಿಕಾಹ್ ಗೊತ್ತಾದಾಗ ತಡೆಯಲಾರದೆ ಅವಳನ್ನೇ ಕೇಳಿಬಿಟ್ಟೆ. ಅವಳು ನಕ್ಕಳು.

"ಕಾಂಚನಾ ದೀದಿ, ಸುನೀ ಸುನಾಯೀ ಛೋಡೋ. ಮೇರೆ ಬಾಜೂ ಮೇ ಬೈಠ್ ಕೇ ದೇಖ್ ಲೋ."

ಕೇಳಿದ ಮಾತು ಬಿಟ್ಟು ಪಕ್ಕದಲ್ಲೇ ಕೂತು ನೋಡು ಎಂದರೆ ಯಾರು ಬಿಡುತ್ತಾರೆ! ನಿಕಾಹ್ ದಿನ ಡೊಂಬಿವಲಿಯ ಮನೆಯಿಂದ ಮಗಳು ದಿಶಾಳನ್ನೂ ಎಳೆದುಕೊಂಡು ಹೊರಟೆ. ಮುಂದಿನ ಭಾನುವಾರ ದಿಶಾಳ ನಿಶ್ಚಯ. ಹುಡುಗ ಕಲ್ಯಾಣದ ಬಟ್ಟೆ ವ್ಯಾಪಾರಿಯ ಮಗ. ಹಾಲ್ ಬುಕ್ ಆಗಿತ್ತು, ಸೀರೆ ಆರಿಸಿಯಾಗಿತ್ತು. ಹುಡುಗಿ ಮಾತ್ರ ಮಂಕಾಗಿದ್ದಳು. ನಾಚಿಕೆ ಇರಬೇಕು ಎಂದುಕೊಂಡಿದ್ದೆ.

ಹೆಂಗಸರ ಕಡೆ ಸಮ್ರೀನ್ ಕೆಂಪು ದುಪಟ್ಟಾ ಹೊದ್ದು ಕೂತಿದ್ದಳು. ಪಕ್ಕದಲ್ಲಿ ನಾನು, ಹಿಂದೆ ದಿಶಾ. ಅತ್ತರಿನ ಘಮ, ಮಕ್ಕಳ ಗದ್ದಲ. ಅಷ್ಟರಲ್ಲಿ ಅವಳ ಸೋದರಮಾವ ಇಬ್ಬರು ಸಾಕ್ಷಿಗಳೊಂದಿಗೆ ಬಂದು ಎದುರು ಕೂತರು. ಹುಡುಗನ ಹೆಸರು ಹೇಳಿದರು, ಮೆಹರ್ ಎಷ್ಟೆಂದು ಹೇಳಿದರು. ಆಮೇಲೆ ಒಪ್ಪಿಗೆಯೇ ಎಂದು ಅವಳನ್ನೇ ಕೇಳಿದರು.

"ಬೇಟಾ, ಕಬೂಲ್ ಹೈ?"

ಕೇಳಿದರು! ನಾನು ಕುರ್ಚಿಯಿಂದ ಅರ್ಧ ಎದ್ದೇಬಿಟ್ಟಿದ್ದೆ. ಮೆಹರ್ ಎಂದರೆ ಹುಡುಗಿಗೆ ಕಟ್ಟುವ ಬೆಲೆ ಎಂದು ತಿಳಿದವಳು ನಾನು. ಅದನ್ನು ಗಂಡ ಹೆಂಡತಿಗೇ ಕೊಡಬೇಕು, ಅವಳಪ್ಪನ ಕೈಗಲ್ಲ ಎಂದು ಪಕ್ಕದ ಅಜ್ಜಿ ಕಿವಿಯಲ್ಲಿ ಹೇಳಿದರು.

ಆದರೆ ಸಮ್ರೀನ್ ಕಬೂಲ್ ಎನ್ನಲಿಲ್ಲ. "ಮಾಮೂ, ನೌಕರಿ ವಾಲೀ ಶರ್ತ್ ಲಿಖೀ ಹೈ ಕ್ಯಾ?" ಎಂದಳು. ಮದುವೆಯಾದ ಮೇಲೂ ಕೆಲಸ ಬಿಡುವುದಿಲ್ಲ ಎಂಬ ಷರತ್ತನ್ನು ನಿಕಾಹ್‌ನಾಮಾದಲ್ಲಿ, ಅಂದರೆ ಮದುವೆಯ ಕರಾರುಪತ್ರದಲ್ಲಿ, ಬರೆಸುವುದೆಂದು ಮಾತಾಗಿತ್ತಂತೆ. ಯಾರೂ ಬರೆದಿರಲಿಲ್ಲ. ಮೊದಲು ಬರೆಸಿಕೊಂಡು ಬನ್ನಿ ಎಂದಳು. ಮಾವ ಗಂಡಸರ ಕಡೆಗೆ ನಡೆದರು. ಹುಡುಗನ ಕಡೆಯವರು ಎದ್ದು ಹೋದರೆ? ದಿಶಾ ಹಿಂದಿನಿಂದ ನನ್ನ ಭುಜ ನೋಯುವಷ್ಟು ಗಟ್ಟಿಯಾಗಿ ಹಿಡಿದಿದ್ದಳು.

ಮಾವ ಮರಳಿ ಬಂದರು, ಬರೆದ ಸಾಲು ತೋರಿಸಿದರು, ಮತ್ತೆ ಕೇಳಿದರು. "ಕಬೂಲ್ ಹೈ" ಎಂದಳು ಸಮ್ರೀನ್. ಖುಷಿಗೆ ನನಗೆ ಅಳುವೇ ಬಂತು. ಅವಳು ನನ್ನತ್ತ ಬಾಗಿ, "ಪೂಛನಾ ಫರ್ಜ್ ಹೈ, ದೀದಿ. ಹಮಾರೇ ಮೇ ಭೀ ಕುಛ್ ಲೋಗ್ ಭೂಲ್ ಜಾತೇ ಹೈ" ಎಂದಳು. ಕೇಳುವುದು ಕರ್ತವ್ಯ, ಮರೆಯುವವರು ಎಲ್ಲ ಕಡೆಯೂ ಇದ್ದಾರೆ.

ವಾಪಸು ಹೊರಟ ರಿಕ್ಷಾದಲ್ಲೇ ಮನೆಯವರಿಗೆ ಫೋನ್ ಹಚ್ಚಿದೆ.

"ಏನ್ರೀ, ಕೇಳ್ತಾರ್ರೀ! ಹುಡುಗೀನ್ನ ಕೇಳ್ತಾರ! ಆಕಿ ಹೂಂ ಅನ್ನೂ ತನಕ ಮದವೀನ ಇಲ್ಲ!"

"ಅದರಾಗೇನೈತಿ? ನಾವೂ ದಿಶಾನ್ನ ಕೇಳೇವಲ್ಲ."

"ಯಾರು ಕೇಳ್ಯಾರ?"

"ನೀ ಕೇಳಿರ್ತಿ ಅಂತ ತಿಳಕೊಂಡಿದ್ದೆ."

"ನೀವು ಕೇಳೀರಿ ಅಂತ ನಾ ತಿಳಕೊಂಡಿದ್ದೆ."

ದಿಶಾ ರಸ್ತೆ ನೋಡುತ್ತ ಕೂತಿದ್ದಳು. ಫೋನ್ ಕಿವಿಯಿಂದ ತೆಗೆಯದೆ ಅವಳ ಕಡೆ ತಿರುಗಿದೆ.

"ದಿಶಾ, ಈ ಹುಡುಗ ನಿನಗ ಒಪ್ಪಿಗಿ ಏನ?"

ಅವಳು ಮುಖ ಇನ್ನಷ್ಟು ರಸ್ತೆಯ ಕಡೆ ತಿರುಗಿಸಿದಳು. ಮತ್ತೊಮ್ಮೆ ಕೇಳಿದೆ.

"ನಹೀ, ಮಮ್ಮೀ," ಎಂದವಳೇ ನನ್ನ ತೋಳಿಗೆ ಮುಖ ಒತ್ತಿ ಅತ್ತಳು. ಎಷ್ಟೋ ದಿನಗಳ ಮೇಲೆ ಮಗಳ ದನಿ ಕೇಳಿದಂತಾಗಿ ಅವಳನ್ನು ಬಾಚಿ ತಬ್ಬಿಕೊಂಡೆ.

"ಏನಂದಳು?" ಫೋನಿನಲ್ಲಿ ಮನೆಯವರು.

"ಒಲ್ಲೆ ಅಂದಳ್ರೀ."

"ಹಂಗಾರ ಕಲ್ಯಾಣದವರಿಗೆ ಹೇಳಬೇಕಲ್ಲ. ಯಾರು ಹೇಳೂದು?"

"ನೀವು ಹೇಳೀರಿ ಅಂತ ಈ ಸಲ ನಾ ತಿಳಕೊಳ್ಳೂದಿಲ್ಲ," ಎಂದೆ. "ಈಗ ನಾನ ಹೇಳ್ತೀನಿ. ಫೋನ್ ಇಡ್ರಿ."