ಲಿಫ್ಟಣ್ಣ ಹತ್ತಿದ ಮೆಟ್ಟಿಲು

ಸಿಗರೇಟಿನ ವಾಸನೆ, ಅಂದರೆ ನಾಲ್ಕನೇ ಮಹಡಿ ಬಂತು, ಇಲ್ಲೇ ಅಲ್ಲವೇ ಗುಮಾಸ್ತರು ಕದ್ದು ಸೇದುವುದು, ಕಂಬಿ ಹಿಡಿದು ಮೂಗಿನಲ್ಲೇ ಉಸಿರು ಎಳೆದುಕೋ ಎಂದು ಅವನು ತನಗೇ ಹೇಳಿಕೊಂಡ, ಇಪ್ಪತ್ತಾರು ವರ್ಷ ಈ ಕಟ್ಟಡದ ಲಿಫ್ಟಿನಲ್ಲಿ ಸ್ಟೂಲಿನ ಮೇಲೆ ಕೂತು ಗುಂಡಿ ಒತ್ತಿದವನು, ದಿನಕ್ಕೆ ನೂರು ಸಲ ಹತ್ತನೇ ಮಹಡಿ ಮುಟ್ಟಿ ಬಂದರೂ ಒಂದು ಮೆಟ್ಟಿಲನ್ನೂ ಹತ್ತದವನು — ಹತ್ತಲು ಶುರುಮಾಡಿದ ಮೊದಲ ದಿನ ಎರಡನೇ ಮಹಡಿಗೇ ಎದೆ ಡವಡವ, ಗೋಡೆಗೆ ಒರಗಿದ್ದ, ಮೇಲಿಂದ ಇಳಿದು ಬಂದ ಟೈಪಿಸ್ಟ್ ಹೌಹಾರಿ, ಏನ್ ಲಿಫ್ಟಣ್ಣ, ಲಿಫ್ಟ್ ಕೆಟ್ಟೋಯ್ತಾ? ಲಿಫ್ಟ್ ಚೆನ್ನಾಗಿದೆ ಕಣಮ್ಮ, ಕೆಟ್ಟಿರೋದು ನಾನು. ಅವಳು ನಕ್ಕಳು, ಅವನ ನಗು ಮಾತ್ರ ಅರ್ಧಕ್ಕೇ ನಿಂತಿತು, ಅಣ್ಣನೂ ಹೀಗೇ ನಗುತ್ತಿದ್ದನಲ್ಲ, ಸಕ್ಕರೆ ಕಾಯಿಲೆ ಅಂದ್ರೆ ಒಳ್ಳೇದೇ ಬಿಡೋ, ಮೈಯೆಲ್ಲಾ ಸಿಹಿ ಎಂದು, ಹೆಬ್ಬೆರಳಿನ ಹುಣ್ಣು ಮಾಯದೆ ಮೊಣಕಾಲಿನ ಕೆಳಗಿನದನ್ನೆಲ್ಲ ಕತ್ತರಿಸಿ ತೆಗೆಯುವವರೆಗೂ.

ಐದು. ಮಂಡಿ ಲಟಕ್ಕೆನ್ನುತ್ತದೆ, ಎನ್ನಲಿ, ಅವತ್ತು ಡಾಕ್ಟರಮ್ಮ ರಕ್ತಪರೀಕ್ಷೆಯ ಚೀಟಿ ಮುಂದಿಟ್ಟು ಹೇಳಿದ್ದರು, ನಿಮ್ಮಣ್ಣನ ದಾರೀಲೇ ಹೊರಟಿದೀರಿ, ಮಾತ್ರೆ ನಾನು ಕೊಡ್ತೀನಿ, ತೂಕ ಇಳಿಸೋದು ನೀವೇ, ದಿನಾ ನಡೀಬೇಕು. ಎಲ್ಲಿ ನಡೀಲಿ ಮೇಡಂ, ಬೆಳಗ್ಗೆಯಿಂದ ಸಂಜೇವರೆಗೂ ಲಿಫ್ಟಲ್ಲೇ ಇರ್ತೀನಿ. ಅಲ್ಲಿ ಮೆಟ್ಟಿಲೇ ಇಲ್ವಾ? — ಅಂದಿನಿಂದ ಊಟದ ಬಿಡುವಿನಲ್ಲಿ ಲಿಫ್ಟು ವಾಚ್‌ಮನ್ ಕೈಗೆ, ಕಾಲು ಮೆಟ್ಟಿಲಿಗೆ, ಮನೆಯಲ್ಲಿ ಹೆಂಡತಿ ಸಕ್ಕರೆ ಡಬ್ಬಿಯನ್ನು ಪಕ್ಕದ ಮನೆಗೆ ಕೊಟ್ಟೇ ಬಂದಳು, ತಟ್ಟೆಯ ಅರ್ಧ ಬರೀ ಸೊಪ್ಪು ತರಕಾರಿ, ಅನ್ನ ಒಂದೇ ಸೌಟು, ಇದೇನೇ, ಹಸುಗೆ ಹಾಕೋ ಹಾಗೆ? ಹಸುಗೆ ನಾಲ್ಕು ಕಾಲಿವೆ ಕಣ್ರೀ, ನಿಮಗಿರೋದು ಎರಡೇ.

ಏಳೋ, ಎಂಟೋ, ಲೆಕ್ಕ ತಪ್ಪಿತು, ಕಿಟಕಿಯ ಗಾಳಿ ಕುತ್ತಿಗೆಗೆ ಹಾಯೆನಿಸುತ್ತಿದೆ, ಮನೆಯಲ್ಲಿ ಅಣ್ಣನ ಮಂಚವೂ ಕಿಟಕಿಯ ಪಕ್ಕದಲ್ಲೇ, ಎರಡು ವರ್ಷ ಅವನು ಹೊಸ್ತಿಲು ದಾಟಿರಲಿಲ್ಲ, ಊರುಗೋಲು ಮೂಲೆ ಹಿಡಿದಿತ್ತು, ಸಂಜೆ ಇವನು ಒಳಗೆ ಕಾಲಿಟ್ಟೊಡನೆ ಒಂದೇ ಪ್ರಶ್ನೆ, ಇವತ್ತು ಎಷ್ಟು ಮಹಡಿನೋ? ಮೂರು ಅಣ್ಣ. ನಾಲ್ಕು ಅಣ್ಣ. ನಡುವೆ ಯಾರದೋ ಬಡ್ತಿಯ ಕೇಕು, ಒಂದು ತುಂಡು ಹೋಗಿ ಮೂರಾಗಿ, ಹಾಳಾಗಿದ್ದು ಹಾಳಾಯಿತೆಂದು ವಾರವಿಡೀ ಸ್ಟೂಲು ಬಿಟ್ಟು ಏಳಲಿಲ್ಲ, ಇವತ್ತು ಇಲ್ಲ ಅಣ್ಣ ಎಂದರೆ ಅಣ್ಣ ಬೈಯಲಿಲ್ಲ, ಗೋಡೆಯ ಕಡೆ ಹೊರಳಿ ಮಲಗಿದ, ಬೈದಿದ್ದರೆ ತಡೆದುಕೊಳ್ಳಬಹುದಿತ್ತು, ಆ ಬೆನ್ನನ್ನು ನೋಡಲಾಗದೆ ಮಾರನೆಯ ದಿನ ಮತ್ತೆ ಒಂದನೇ ಮಹಡಿಯಿಂದ — ನಿನ್ನೆ ಡಾಕ್ಟರಮ್ಮ ಚೀಟಿಯನ್ನು ಎರಡು ಸಲ ಓದಿದರು, ಸಕ್ಕರೆಯ ಮೂರು ತಿಂಗಳ ಸರಾಸರಿ ಒಂಬತ್ತೂವರೆ ಇದ್ದದ್ದು ಆರೂ ಮುಕ್ಕಾಲು, ತೂಕ ಆರು ಕೆಜಿ ಕಮ್ಮಿ, ಹೀಗೇ ಇದ್ರೆ ಮುಂದಿನ ಸಲ ಒಂದು ಮಾತ್ರೆ ಕಮ್ಮಿ ಮಾಡೋಣ ಎಂದರು, ಮನೆಗೆ ಬಂದು ಹೇಳಿದಾಗ ಅಣ್ಣ ಹೂಂ ಎಂದನಷ್ಟೆ.

ಹತ್ತು. ಇಷ್ಟೇನಾ, ಇನ್ನು ಮೆಟ್ಟಿಲೇ ಇಲ್ಲ, ಉಸಿರು ಏರಿದೆ, ಆದರೆ ಕೈಮೀರಿಲ್ಲ, ಬೆಳಗ್ಗೆ ಅಣ್ಣನ ಉಸಿರೂ ಹೀಗೇ ಏರಿತ್ತು, ಕೆಲಸಕ್ಕೆ ಹೊರಡುವಾಗ ನೋಡಿದರೆ ಮಂಚ ಖಾಲಿ, ಅಣ್ಣ ಹೊರಗೆ ಗೇಟು ಹಿಡಿದು ನಿಂತಿದ್ದಾನೆ, ಹಣೆಯಿಂದ ಬೆವರು ತೊಟ್ಟಿಕ್ಕುತ್ತಿದೆ, ಏನೋ ಹಾಗ್ ನೋಡ್ತೀಯಾ, ನೀನು ಅಷ್ಟು ಹತ್ತೋನು, ನಾನು ಮೂರು ಮೆಟ್ಟಿಲು ಇಳೀಬಾರ್ದಾ? — ಇವನ ಕಣ್ಣು ಕೆಳಗೆ ಹೋಯಿತು, ಹೆಂಡತಿ ಆಗಷ್ಟೇ ತೊಳೆದ ಹೊಸ್ತಿಲಿನ ನೀರನ್ನು ಊರುಗೋಲಿನ ರಬ್ಬರ್ ತುದಿ ಹೊತ್ತು ತಂದಿತ್ತು, ಒಣ ಮೆಟ್ಟಿಲ ಮೇಲೆ ದುಂಡಗೆ ಒಂದು ಒದ್ದೆ ಗುರುತು, ಅದರ ಕೆಳಗಿನ ಮೆಟ್ಟಿಲಲ್ಲಿ ಇನ್ನೊಂದು, ಅದರ ಕೆಳಗೆ ಇನ್ನೊಂದು.