ಪಕ್ಕದ ಕಾರಿನವರು

ಬಲಕ್ಕೆ ತಿರುಗುತ್ತೇನೆ, ತಿರುಗುತ್ತೇನೆ ಎಂದು ಮುಂದಿನ ಬೂದು ಕಾರಿನ ಇಂಡಿಕೇಟರು ಆಗಿನಿಂದ ಕಣ್ಣು ಮಿಟುಕಿಸುತ್ತಲೇ ಇದೆ, ಬಲಕ್ಕೆ ರಸ್ತೆಯೇ ಇಲ್ಲ, ಉದ್ದಕ್ಕೂ ಸಿಮೆಂಟಿನ ಗೋಡೆ, ಆದರೂ ಪುಣ್ಯಾತ್ಮ ಪಟ್ಟು ಬಿಡುವವನಲ್ಲ — ಮನೆ ಖಾಲಿ ಮಾಡ್ತೀನಿ ಮಾಡ್ತೀನಿ ಅಂತ ವರ್ಷಗಟ್ಟಲೆ ಕೂತಿರೋ ಬಾಡಿಗೆದಾರ ಇವ್ನು, ಎಂದ ಪಕ್ಕದ ಸೀಟಿನಿಂದ ಗಂಡ, ಸ್ಟಿಯರಿಂಗ್ ಹಿಡಿದಿದ್ದ ಅವಳ ಮೂಗಿನಿಂದ ಅವಳನ್ನು ಕೇಳದೆಯೇ ಒಂದು ನಗು ಹೊರಬಿತ್ತು, ಗಂಡ, ಮಧ್ಯಾಹ್ನದವರೆಗೆ ಗಂಡ, ಆಮೇಲೆ ಏನೆನ್ನಬೇಕೋ ಆ ಪದ ಇನ್ನೂ ಬಾಯಿಗೆ ಕೂತಿಲ್ಲ. ಅವನ ಬಲಗೈ ಪ್ಲಾಸ್ಟರಿನಲ್ಲಿದೆ, ಬೇರೆ ಯಾರದೋ ಸಾಮಾನು ಕಾಯುತ್ತಿರುವವನಂತೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾನೆ, ಮೆಟ್ಟಿಲಲ್ಲಿ ಜಾರಿದನಂತೆ, ಅವನ ಹೊಸ ಮನೆಯ ಮೆಟ್ಟಿಲು, ಅವಳು ನೋಡಿಲ್ಲ. ಕಾರು ಓಡ್ಸೋಕಾಗಲ್ಲ ಕಣೇ, ಕೋರ್ಟಿನ ತಾರೀಖು ಮುಂದಕ್ಕೆ ಹಾಕಿಸ್ಲಾ ಎಂದು ಫೋನಿನಲ್ಲಿ ಕೇಳಿದ್ದ, ಅವಳೇ ಹೇಳಿದಳು, ಬೇಡ, ನಾನೇ ಕರ್ಕೊಂಡು ಹೋಗ್ತೀನಿ, ಇಬ್ರೂ ಹೋಗೋದು ಒಂದೇ ಕಡೆಗೆ ತಾನೆ, ಎರಡು ಕಾರು ಯಾಕೆ — ಅದನ್ನು ಕೇಳಿ ಅವಳ ವಕೀಲೆ ನಕ್ಕಿದ್ದೇ ನಕ್ಕಿದ್ದು, ಡಾಕ್ಟ್ರೇ, ನೀವು ಬರ್ತಿರೋದು ಡೈವೋರ್ಸಿಗೋ ಪಿಕ್ನಿಕ್ಕಿಗೋ? ನಗಬೇಕೇ, ಅಳಬೇಕೇ, ಅವಳಿಗೆ ಎರಡೂ ಬರಲಿಲ್ಲ, ಹಲ್ಲು ಕೀಳುವ ಮೊದಲು ರೋಗಿಗಳಿಗೆ ದಿನವೂ ತಾನೇ ಮರಗಟ್ಟಿಸುವ ಇಂಜೆಕ್ಷನ್ ಕೊಡುತ್ತಾಳೆ, ಆಮೇಲೆ ಅವರು ತುಟಿ ಇದೆಯೋ ಇಲ್ಲವೋ ಎಂದು ಬೆರಳಿನಿಂದ ಮುಟ್ಟಿ ನೋಡಿಕೊಳ್ಳುತ್ತಾರೆ, ಸ್ವಲ್ಪ ಹೊತ್ತು ಅಷ್ಟೇ, ಸರಿಹೋಗುತ್ತೆ ಅನ್ನುತ್ತಾಳೆ, ಅವಳಿಗೆ ಮಾತ್ರ ಎಷ್ಟು ಹೊತ್ತೋ.

ಜಗಳವಾದರೂ ಆಗಿದ್ದರೆ ಹೇಳಿಕೊಳ್ಳಲು ಏನಾದರೂ ಇರುತ್ತಿತ್ತು, ಅತ್ತೆ ಕೂಡ ಕೇಳಿ ಕೇಳಿ ಸೋತರು, ಅಲ್ಲಮ್ಮಾ, ಹೊಡೆದ್ನಾ, ಬೈದ್ನಾ, ಇಲ್ಲ ಅತ್ತೆ, ಮತ್ತೇನು, ಏನೂ ಇಲ್ಲ ಅತ್ತೆ, ಅದೇ. ನಲ್ಲಿ ಸೋರ್ತಿದೆ, ಗ್ಯಾಸ್ ಮುಗೀತು, ಬಾಗಿಲು ಹಾಕ್ಕೋ — ಇಷ್ಟರಲ್ಲೇ ಸಂಸಾರ ನಡೆಯುತ್ತಿತ್ತು, ಒಂದು ಸಂಜೆ ಅವನು ಬಾಗಿಲ ಚೌಕಟ್ಟಿಗೆ ಒರಗಿ ಕೇಳಿದ, ನಾನು ಹೊರಟು ಹೋದ್ರೆ ನಿಂಗೆ ಏನಾದ್ರೂ ಅನ್ಸುತ್ತಾ, ಅವಳು ಬಟ್ಟೆ ಮಡಚುತ್ತಿದ್ದಳು, ಟವೆಲ್ ಇನ್ನೂ ಒಣಗಿಲ್ಲ ಅಂದಳು, ಬೇಕೆಂದು ಹೇಳಿದ್ದಲ್ಲ, ಕೈಯಲ್ಲಿದ್ದದ್ದು ಟವೆಲು, ಅದು ನಿಜವಾಗಿಯೂ ಒಣಗಿರಲಿಲ್ಲ. ಕಾರಿನಲ್ಲಿ ಮಾತ್ರ ಹಾಗಿರಲಿಲ್ಲ, ದೂರದ ದಾರಿ ಹಿಡಿದರೆ ಸಾಕು, ಅಕ್ಕಪಕ್ಕದ ಕಾರಿನವರಿಗೆಲ್ಲ ಹೆಸರಿಡುವುದೇ ಕೆಲಸ, ಮೂಗಿನಲ್ಲಿ ಬಾವಿ ತೋಡುವ ಇಂಜಿನಿಯರ್, ಸ್ಟಿಯರಿಂಗಿಗೆ ಬುದ್ಧಿ ಹೇಳುವ ಹೆಡ್‌ಮಾಸ್ಟರ್, ಕನ್ನಡಿಯಲ್ಲಿ ಮೀಸೆ ತೀಡುತ್ತ ಲಾರಿಯ ಕೆಳಗೆ ನುಗ್ಗಲಿದ್ದ ಮದುಮಗ — ಅಗೋ ನೋಡು, ಎಂದ ಗಂಡ, ಎಡಕ್ಕೆ, ಬಚ್ಚಲುಮನೆ ಗವಾಯಿ! ಕೆಂಪು ಕಾರಿನಲ್ಲಿ ಒಬ್ಬ ದಢೂತಿ, ಕಿಟಕಿ ಮುಚ್ಚಿದೆ, ದನಿ ಒಂದಿಷ್ಟೂ ಕೇಳದು, ಬಾಯಿ ಮಾತ್ರ ಗುಹೆಯಷ್ಟು ತೆರೆದಿದೆ, ಒಂದು ಕೈ ಗಾಳಿಯಲ್ಲಿ ಸ್ವರ ಹಿಡಿಯುತ್ತಿದೆ, ಗಂಡ ಪ್ಲಾಸ್ಟರಿನ ಕೈಯನ್ನೇ ಎತ್ತಿ ಅವನ ಹಾಗೆ ತಾಳ ಹಾಕಿದ, ಕೈ ಮುಂದಿನ ಗಾಜಿಗೆ ಠಕ್ಕೆಂದು ಬಡಿಯಿತು, ಅಯ್ಯಯ್ಯೋ ಸತ್ತೆ ಕಣೇ, ಈಗ ಅವಳು ನಿಜಕ್ಕೂ ನಕ್ಕಳು, ಹೊಟ್ಟೆ ಹಿಡಿದುಕೊಳ್ಳುವಷ್ಟು, ಕಣ್ಣಲ್ಲಿ ನೀರು ಬರುವಷ್ಟು, ಅವನೂ, ನೋವಿಗೋ ನಗುವಿಗೋ, ಮುಂದಕ್ಕೆ ಬಗ್ಗಿ ನಗುತ್ತಿದ್ದ.

ಆಗಲೇ ಬಿಳಿ ಕಾರೊಂದು ಪಕ್ಕಕ್ಕೆ ಬಂತು, ಹಿಂದಿನ ಸೀಟಿನಲ್ಲಿ ಒಬ್ಬ ಅಜ್ಜಿ, ಗಾಜಿಗೆ ಹಣೆ ಒತ್ತಿಕೊಂಡು ಇವರನ್ನೇ ನೋಡಿ ನಗುತ್ತಿದ್ದಾಳೆ, ಮೇಲಿನ ವಸಡಿನಲ್ಲಿ ಒಂದೇ ಹಲ್ಲು, ಪಕ್ಕದ ಹುಡುಗಿಯ ತೋಳು ತಿವಿದು ಇವರತ್ತ ಬೆರಳು ತೋರಿಸಿದಳು, ನೋಡೇ, ಆ ಗಂಡ ಹೆಂಡ್ತೀನ ನೋಡೇ, ಕೇಳಿಸಲಿಲ್ಲ, ಆದರೆ ತುಟಿಗಳು ಅದನ್ನೇ ಅಂದಂತಿತ್ತು, ಆಮೇಲೆ ಇವರಿಗೆ ಕೈ ಬೀಸಿದಳು, ಬಿಳಿ ಕಾರು ಮುಂದೆ ಹೋಯಿತು. ನಮಗೆ ಏನು ಹೆಸರಿಟ್ಟಿರ್ಬಹುದು, ಎಂದ ಗಂಡ. ಅವಳು ಗೇರು ಬದಲಿಸಿದಳು.

ಕೋರ್ಟಿನ ಕೋಣೆಯಲ್ಲಿ ಫ್ಯಾನು ಕಿರುಗುಟ್ಟುತ್ತಿತ್ತು, ನ್ಯಾಯಾಧೀಶರು ಕನ್ನಡಕದ ಮೇಲಿನಿಂದ ನೋಡಿ, ಕೂಡಿ ಬಾಳೋ ಸಾಧ್ಯತೆ ಏನಾದ್ರೂ ಇದೆಯಾ ಎಂದರು, ಇಲ್ಲ ಸಾರ್ ಎಂದ ಅವನು, ನೀವೇನಮ್ಮಾ ಹೇಳ್ತೀರಿ, ಒಂದೇ ಹಲ್ಲು, ಗಾಜಿಗೆ ಒತ್ತಿದ ಹಣೆ, ಇಲ್ಲ ಎಂದಳು, ದನಿ ಚೆನ್ನಾಗಿಯೇ ಬಂತು, ಅವನು ಎಡಗೈಯಲ್ಲಿ ಒತ್ತಿದ ಹೆಬ್ಬೆಟ್ಟಿನ ಪಕ್ಕದಲ್ಲಿ ಅವಳ ಸಹಿ. ಹೊರಗೆ ಬಂದು, ನಾನು ಬಸ್ಸಲ್ಲಿ ಹೋಗ್ತೀನಿ, ನಿಧಾನಕ್ಕೆ ಓಡ್ಸು ಎಂದ, ಹ್ಞೂಂ ಅಂದಳು, ಅಷ್ಟೇ. ಈಗ ಅದೇ ದಾರಿ, ಪಕ್ಕದ ಸೀಟು ಹಿಂದಕ್ಕೆ ಒರಗಿಯೇ ಇದೆ, ನೆಟ್ಟಗೆ ಮಾಡಬೇಕು, ಮುಂದೆ ಯಾರೋ ಬಾಚಣಿಗೆಯಿಂದ ಬೆನ್ನು ಕೆರೆದುಕೊಳ್ಳುತ್ತ ಓಡಿಸುತ್ತಿದ್ದಾನೆ, ಹೆಸರು ಹೊಳೆಯುವುದಿಲ್ಲ, ಟವೆಲು, ಇಂಜೆಕ್ಷನ್, ಯಾವ ಯೋಚನೆಯೂ ಮುಂದಕ್ಕೆ ಸರಿಯುವುದಿಲ್ಲ, ಮತ್ತೆ ಮತ್ತೆ ಅದೇ ಬಿಳಿ ಕಾರು, ಒಂದೇ ಹಲ್ಲಿನ ನಗು, ಹುಡುಗಿಯ ತೋಳು ತಿವಿದು ಇತ್ತ ಚಾಚಿದ ಬೆರಳು, ನೋಡೇ, ಆ ಗಂಡ ಹೆಂಡ್ತೀನ, ಗಾಜಿಗೆ ಒತ್ತಿದ ಹಣೆ, ಒಂದೇ ಹಲ್ಲು —