ಒಂಬತ್ತು ಜನರ ಪಟ್ಟಿ

ಇಲಿಗಳ ನಿದ್ದೆ ನೋಡಿ ನೋಡಿಯೇ ಅವಳ ತಲೆ ನೆರೆತಿತ್ತು. ಕತ್ತಲಾದ ಮೇಲೆ ಮೆದುಳಿನಲ್ಲಿ ಒಸರಿ, ‘ರಾತ್ರಿಯಾಯಿತು’ ಎಂದು ಮೈಗೆಲ್ಲ ಸುದ್ದಿ ಮುಟ್ಟಿಸುವ ಮೆಲಟೋನಿನ್ ಎಂಬ ರಸದ ಬೆನ್ನು ಹತ್ತಿ ಹದಿನೆಂಟು ವರ್ಷವಾಗಿತ್ತು. ಮನೆಯವರು ಅವಳನ್ನು ಗೂಬೆ ಎಂದೇ ಕರೆಯುತ್ತಿದ್ದರು. ಅವಳು ಬರೆದದ್ದನ್ನು ಓದಿದವರು ಬೆರಳೆಣಿಕೆಯಷ್ಟು ಜನ. ಈಗ ಅವಳಿಗೆ ಮನುಷ್ಯರು ಬೇಕಿತ್ತು, ಅದೂ ವರ್ಷಗಟ್ಟಲೆ ರಾತ್ರಿ ಪಾಳಿ ಮಾಡಿದವರು.

ಅವಳ ಅಕ್ಕ ಗಾಜಿನ ಬಾಟಲಿ ಕಾರ್ಖಾನೆಯಲ್ಲಿದ್ದಳು. ಅಲ್ಲಿನ ಕುಲುಮೆ ಆರುವ ಹಾಗಿಲ್ಲ, ಹಾಗಾಗಿ ಕೆಲಸ ಮೂರೂ ಪಾಳಿ. ದೀಪದ ಮುಂದೆ ಸಾಲಾಗಿ ಸಾಗುವ ಬಾಟಲಿಗಳಲ್ಲಿ ಗುಳ್ಳೆ, ಬಿರುಕು ಕಂಡರೆ ಎತ್ತಿ ಬದಿಗಿಡುವುದು ಅಕ್ಕನ ಕೆಲಸ. ತಂಗಿ ವಿಷಯ ಹೇಳಿದಾಗ ನಕ್ಕುಬಿಟ್ಟಳು.

“ನಮ್ಮ ಎಂಜಲು ತಗೊಂಡು ಏನ್ ಮಾಡ್ತೀಯೇ ಗೂಬೆ?”

“ನಿಮ್ಮ ಮೈ ಯಾವ ಹೊತ್ತನ್ನ ರಾತ್ರಿ ಅಂದ್ಕೊಂಡಿದೆ ಅಂತ ಎಂಜಲಲ್ಲೇ ಗೊತ್ತಾಗುತ್ತೆ ಅಕ್ಕ.”

ಮೊದಲು ಯಾರೂ ಒಪ್ಪಲಿಲ್ಲ. ಅಕ್ಕನೇ ಒಬ್ಬೊಬ್ಬರ ಹತ್ತಿರ ಹೋಗಿ, “ನನ್ನ ಒಡಹುಟ್ಟಿದವಳು, ಹೆಸರು ಹೊರಗೆ ಬಿಡಲ್ಲ” ಎಂದು ಮಾತು ಕೊಟ್ಟಳು. ಮೂವತ್ತೆರಡು ಹೆಂಗಸರು ಎರಡು ವರ್ಷ, ತಿಂಗಳಿಗೊಂದು ರಾತ್ರಿ ಪಾಳಿ ಪೂರ್ತಿ, ಗಂಟೆಗೊಮ್ಮೆ ಹತ್ತಿಯ ಸುರುಳಿ ಅಗಿದು ಕೊಳವೆಗೆ ಹಾಕಿ ಕೊಟ್ಟರು.

ಫಲಿತಾಂಶ ಅಂಗೈ ಮೇಲಿನ ನೆಲ್ಲಿಕಾಯಿಯಷ್ಟು ಸ್ಪಷ್ಟವಾಗಿತ್ತು. ಹೆಚ್ಚಿನವರ ಮೈ ಅಷ್ಟೋ ಇಷ್ಟೋ ಪಾಳಿಗೆ ಒಗ್ಗಿಕೊಂಡಿತ್ತು. ಒಂಬತ್ತು ಜನರದ್ದು ಮಾತ್ರ ಜಪ್ಪಯ್ಯ ಅಂದರೂ ಜಗ್ಗಿರಲಿಲ್ಲ. ರಾತ್ರಿ ಕೆಲಸದ ನಟ್ಟನಡುವೆ, ಅಷ್ಟು ಬೆಳಕಿನಲ್ಲೂ ಅವರಲ್ಲಿ ಮೆಲಟೋನಿನ್ ಏರುತ್ತಿತ್ತು. ಅಕ್ಕನೂ ಅವರಲ್ಲೊಬ್ಬಳು. ವರದಿಯ ಕೊನೆಗೆ ತಂಗಿ ಬರೆದಳು: ‘ಇಂಥವರನ್ನು ರಾತ್ರಿ ಕೆಲಸಕ್ಕೆ ಹಾಕುವುದು ತರವಲ್ಲ.’

ಕಾರ್ಖಾನೆಗೂ ಒಂದು ಪ್ರತಿ ಕೊಟ್ಟಿದ್ದಳು. ಅದನ್ನು ಓದಿ ಅಲ್ಲಿನ ಮ್ಯಾನೇಜರ್ ಫೋನ್ ಮಾಡಿದ. “ಆ ಒಂಬತ್ತು ಜನ ಯಾರು ಹೇಳಿ ಮೇಡಂ, ಏನಾದ್ರೂ ಮಾಡೋಣ.”

ಅವಳ ಎದೆ ಉಬ್ಬಿತು. ಇಷ್ಟು ವರ್ಷದ ದುಡಿಮೆ ಮೊದಲ ಸಲ ಯಾರದೋ ಬದುಕಿಗೆ ಆಗಿಬರುತ್ತಿದೆ, ಅದೂ ಅಕ್ಕನ ಬದುಕಿಗೆ! ಯಾರನ್ನೂ ಕೇಳದೆ ಪಟ್ಟಿ ಕಳಿಸಿದಳು.

ಹದಿನೈದು ದಿನಕ್ಕೆ ಒಂಬತ್ತೂ ಜನರನ್ನು ಕೆಲಸದಿಂದ ತೆಗೆದರು. ಅವರ ಕೈಗೆ ಬಂದ ಪತ್ರದಲ್ಲಿ ಇದ್ದದ್ದು ಅವಳದೇ ವಾಕ್ಯ. ಎದ್ದೆನೋ ಬಿದ್ದೆನೋ ಎಂದು ಕಾರ್ಖಾನೆಗೆ ಓಡಿದಳು.

“ನಾನು ಹಗಲು ಪಾಳಿ ಕೊಡಿ ಅನ್ನೋ ಅರ್ಥದಲ್ಲಿ ಬರೆದಿದ್ದು!”

“ಹಾಗಂತ ಎಲ್ಲಿ ಬರೆದಿದ್ದೀರಿ ತೋರಿಸಿ” ಎಂದ ಮ್ಯಾನೇಜರ್. “ಪಾಳಿ ಅಂದ್ರೆ ಸರದಿ ಮೇಡಂ. ಹಗಲು ಮಾತ್ರ ಬರೋರನ್ನ ಇಟ್ಕೊಂಡು ನಾನೇನು ಮಾಡಲಿ?”

ಹೆಂಗಸರು ಕಾರ್ಮಿಕ ಅಧಿಕಾರಿಗೆ ದೂರು ಕೊಟ್ಟರು. ಸಾಕ್ಷಿ ಹೇಳಬೇಡಿ, ನಿಮ್ಮ ಕೆಲಸಕ್ಕೇ ಕುತ್ತು ಬಂದೀತು ಎಂದು ಅವಳ ಸಂಶೋಧನಾ ಸಂಸ್ಥೆಯ ನಿರ್ದೇಶಕರು ಎಷ್ಟು ಹೇಳಿದರೂ ಕೇಳದೆ ಅವಳು ವಿಚಾರಣೆಗೆ ಹೋದಳು. ಒಪ್ಪಿಗೆಯಿಲ್ಲದೆ ಹೆಸರು ಕೊಟ್ಟದ್ದು ನನ್ನ ತಪ್ಪು ಎಂದು ಎಲ್ಲರೆದುರು ಒಪ್ಪಿಕೊಂಡಳು. ಕಾರ್ಖಾನೆಯ ವಕೀಲ ಕೇಳಿದ್ದು ಒಂದೇ ಪ್ರಶ್ನೆ.

“ಪಟ್ಟಿ ಕೊಟ್ಟಿದ್ದು ತಪ್ಪು, ಆಯ್ತು. ಪರೀಕ್ಷೆನೂ ತಪ್ಪಾ?”

ಹಿಂದಿನ ಬೆಂಚಿನಲ್ಲಿ ಕೂತಿದ್ದ ಅಕ್ಕ ತಲೆಯೆತ್ತಿದಳು. ಕೊಳವೆಗಳು ಅದಲುಬದಲಾಗಿರಬಹುದು ಎಂಬ ಒಂದು ಮಾತು ಸಾಕಿತ್ತು, ಹೆಂಗಸರು ಗೆಲ್ಲುತ್ತಿದ್ದರು. ಮಾತು ನಾಲಿಗೆ ತುದಿಗೂ ಬಂತು. ಆದರೆ ಒಂದೊಂದು ಕೊಳವೆಯನ್ನೂ ಎರಡೆರಡು ಸಲ ನೋಡಿದವಳು ಅವಳೇ.

“ಪರೀಕ್ಷೆ ಸರಿಯಾಗಿದೆ” ಎಂದಳು.

ದೂರು ಬಿದ್ದುಹೋಯಿತು. ಸಂಸ್ಥೆ ಅವಳಿಗೊಂದು ಎಚ್ಚರಿಕೆ ಪತ್ರ ಕೊಟ್ಟು ಕೈತೊಳೆದುಕೊಂಡಿತು. ಆ ಪರೀಕ್ಷೆಯ ಬಗ್ಗೆ ಅವಳು ಬರೆದ ಪ್ರಬಂಧ ಅಚ್ಚಾಗಿ, ಅವಳ ಹೆಸರು ಗೊತ್ತಿಲ್ಲದವರೂ ಹೊಗಳಿ ಬರೆದರು.

ಎರಡು ತಿಂಗಳು ಬಿಟ್ಟು ಅಕ್ಕನ ಮನೆಗೆ ಹೋದಳು. ಅಕ್ಕ ಬಟ್ಟೆ ಮಡಿಸುತ್ತಿದ್ದಳು. ಬಾ ಅನ್ನಲೂ ಇಲ್ಲ, ಹೋಗು ಅನ್ನಲೂ ಇಲ್ಲ.

“ಉಳಿದ ಎಂಟು ಜನ ಎದುರಿಗೆ ಸಿಕ್ಕರೆ ಮುಖ ತಿರುಗಿಸ್ತಾರೆ. ಮಾತು ಕೊಟ್ಟೋಳು ನಾನಲ್ವಾ.”

“ನನಗೆ ಸುಳ್ಳು ಹೇಳೋಕಾಗಲಿಲ್ಲ ಅಕ್ಕ.”

“ಗೊತ್ತು. ಹೆಸರು ಹೇಳೋಕೆ ಮಾತ್ರ ಆಯ್ತು.”

ಇಪ್ಪತ್ತು ವರ್ಷದ ರೂಢಿಯೇ ತಂಗಿಯ ಬಾಯಿಗೆ ಬಂತು.

“ರಾತ್ರಿ ನಿದ್ದೆ ಬರುತ್ತಾ?”

“ಚೆನ್ನಾಗಿ ಬರುತ್ತೆ. ಒಂಬತ್ತಕ್ಕೆಲ್ಲ ಕಣ್ಣು ಎಳೆಯುತ್ತೆ” ಎಂದಳು ಅಕ್ಕ, ಸೀರೆಯ ಅಂಚು ಜೋಡಿಸುತ್ತ. “ಬೇಕಾದ್ರೆ ಅದನ್ನೂ ಬರ್ಕೋ.”